ಮಾದಪ್ಪನ ಹುಲಿ ಮತ್ತು ಒಂದು ಸೊಟ್ಟ ಹಲಗೆ

ಶಿವರಾತ್ರಿಗೆ ಇನ್ನು ಹತ್ತು ದಿನವಿತ್ತು. ರಾತ್ರಿ ಹನ್ನೊಂದರ ಸುಮಾರಿಗೆ ಶೆಡ್ಡಿನ ಕಡೆಯಿಂದ ಸುಟ್ಟ ವಾಸನೆ ಬಂತು. ವೈರು ಹೊತ್ತಿಕೊಂಡಿತೇನೋ ಎಂದು ಓಡಿದೆ. ವೈರಲ್ಲ, ಹಲಗೆ. ಯಂತ್ರ ತನ್ನ ಪಾಡಿಗೆ ತಾನು ಹಿಂದಕ್ಕೂ ಮುಂದಕ್ಕೂ ಓಡಾಡುತ್ತ ಮಾದಪ್ಪನ ಹುಲಿಯ ಬೆನ್ನು ಕೆತ್ತುತ್ತಿತ್ತು. ಬಿಟ್ ಹೋದಲ್ಲೆಲ್ಲ ಕಂದು ಗೆರೆ, ಗೆರೆಯ ಹಿಂದೆ ತೆಳು ಹೊಗೆ. ಕೆಂಪು ಗುಂಡಿ ಒತ್ತಿ ನಿಲ್ಲಿಸಿದೆ. ಅಷ್ಟರಲ್ಲಿ ಅಪ್ಪ ಟಾರ್ಚು ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದರು. ಹಲಗೆಯ ಮೇಲೆ ಬೆಳಕು ಬಿಟ್ಟು ನೋಡಿದರು. ಏನೂ ಅನ್ನಲಿಲ್ಲ, ವಾಪಸ್ ಹೋಗಿ ಮಲಗಿದರು. ಬೈದಿದ್ದರೇ ವಾಸಿಯಿತ್ತು.

ಆ ಹಲಗೆ ನಮ್ಮದಾಗಿರಲಿಲ್ಲ. ಬಂಡಳ್ಳಿಯಲ್ಲಿ ರೇಷ್ಮೆ ಮಾಡುವ ದೊಡ್ಡಪ್ಪನೊಬ್ಬರು ಹೊಸ ಮನೆ ಕಟ್ಟುತ್ತಿದ್ದರು. (ನೆಂಟರಲ್ಲ, ನಮ್ಮೂರಲ್ಲಿ ಹಿರಿಯರೆಲ್ಲ ದೊಡ್ಡಪ್ಪ ಚಿಕ್ಕಪ್ಪಂದಿರೇ.) ಅವರ ಅಪ್ಪ ಹೊಲದ ಬದುವಿನಲ್ಲಿ ನೆಟ್ಟಿದ್ದ ತೇಗದ ಮರವನ್ನು ಅರಣ್ಯ ಇಲಾಖೆಯ ಅನುಮತಿಗೆ ಓಡಾಡಿ, ಕಾರ್ತಿಕದಲ್ಲಿ ಕಡಿಸಿ, ಕೊಳ್ಳೇಗಾಲದ ಸಾಮಿಲ್ಲಿನಲ್ಲಿ ಕೊಯ್ಯಿಸಿದ್ದರು. ಬದುವಿನ ಮರ ಎಷ್ಟು ದಪ್ಪ ಇದ್ದೀತು? ಒಂದಡಿಗಿಂತ ಅಗಲದ, ಪೂರ್ತಿ ಚೇಗಿನ ಹಲಗೆ ಸಿಕ್ಕಿದ್ದು ಎರಡೇ. ಒಂದು ದೇವರ ಕೋಣೆಯ ಬಾಗಿಲಿಗೆ, ಹುಲಿಯ ಮೇಲೆ ಕೂತ ಮಾದಪ್ಪ. ಇನ್ನೊಂದು ಮಗಳ ಮದುವೆಗೆ ಹಸೆಮಣೆ. ಮೊದಲನೆಯದನ್ನು ನನಗೆ ಕೊಟ್ಟು, "ನಮ್ಮಪ್ಪನ ಮರ ಕನವ್ವ, ನೋಡ್ಕಂಡು ಮಾಡು" ಅಂದಿದ್ದರು.

ನನ್ನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮದು ಮರಗೆಲಸದ ಮನೆ. ಅಪ್ಪ ಉಳಿ ಕೊಡತಿ ಹಿಡಿದು ಈ ಸುತ್ತಿನ ಎಷ್ಟೋ ಬಾಗಿಲಿಗೆ ಬಳ್ಳಿ, ಹೂವು, ಗಜಲಕ್ಷ್ಮಿ ಕೆತ್ತಿದವರು. ಮಣಿಕಟ್ಟಿನ ನೋವಿಗೆ ಈಗ ಕೆತ್ತನೆ ಬಿಟ್ಟು ಚೌಕಟ್ಟು, ಕಿಟಕಿಗೆ ಮಾತ್ರ ಹೋಗುತ್ತಾರೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಎರಡು ವರ್ಷ ಕಬ್ಬಿಣ ಕೊರೆಯುವ ಸಿಎನ್‌ಸಿ ಯಂತ್ರ ನಡೆಸಿದವಳು. ಊರಿಗೆ ಬಂದು ಬ್ಯಾಂಕ್ ಸಾಲದಲ್ಲಿ ಮರ ಕೆತ್ತುವ ಸಿಎನ್‌ಸಿ ರೌಟರ್ ತಂದಾಗ, ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಧೈರ್ಯ ಇತ್ತು. ಹಲಗೆ ಸುಟ್ಟದ್ದು ಆ ಧೈರ್ಯದಿಂದಲೇ.

ಕಬ್ಬಿಣದ ಕೆಲಸದಲ್ಲಿ ಅನುಮಾನ ಬಂದರೆ ನಿಧಾನ ಮಾಡು ಎಂದು ಕಲಿಸುತ್ತಾರೆ. ನಾನೂ ಹಾಗೇ ಮಾಡಿದೆ. ಸ್ಪಿಂಡಲ್ ಅನ್ನು ಅದರ ಪೂರ್ತಿ ವೇಗಕ್ಕೆ, ಅಂದರೆ ನಿಮಿಷಕ್ಕೆ 24,000 ಸುತ್ತಿಗೆ ಇಟ್ಟೆ. ಬಿಟ್ ಮುಂದಕ್ಕೆ ಹೋಗುವ ವೇಗವನ್ನು, ನಾವು ಫೀಡ್ ಅನ್ನುತ್ತೇವೆ, ನಿಮಿಷಕ್ಕೆ 1,000 ಮಿಲಿಮೀಟರ್‌ಗೆ ಇಳಿಸಿದೆ. ಜೋಪಾನವಾಗಿ ಕೆತ್ತಲಿ ಎಂದು. ಈಗ ಲೆಕ್ಕ ಹಾಕಿ. ಬಿಟ್‌ಗೆ ಎರಡು ಹಲ್ಲು. 24,000 ಸುತ್ತಿಗೆ 48,000 ಸಲ ಹಲ್ಲು ಮರ ಕಚ್ಚುತ್ತದೆ. ಆ ಒಂದು ನಿಮಿಷದಲ್ಲಿ ಮುಂದೆ ಹೋಗುವುದು 1,000 ಮಿ.ಮೀ. ಒಂದು ಹಲ್ಲಿನ ಪಾಲಿಗೆ ಬರುವುದು 0.02 ಮಿ.ಮೀ. ಅಷ್ಟು ತೆಳುವಾಗಿ ಮರವನ್ನು ಕತ್ತರಿಸಲು ಆಗುವುದಿಲ್ಲ, ಉಜ್ಜಲು ಮಾತ್ರ ಆಗುತ್ತದೆ. ಉಜ್ಜಿದರೆ ಬಿಸಿ, ಬಿಸಿಯಾದರೆ ಹೊಗೆ. ಕಾಡಿನವರು ಮರಕ್ಕೆ ಮರ ಉಜ್ಜಿ ಬೆಂಕಿ ಮಾಡುತ್ತಿದ್ದರಲ್ಲ, ನಾನು ಸಾಲ ಮಾಡಿ ತಂದ ಯಂತ್ರದಲ್ಲಿ ಅದನ್ನೇ ಮಾಡಿದ್ದೆ.

ಮರದಲ್ಲಿ ಅಂಜಿ ನಿಧಾನ ಮಾಡಬಾರದು. ಸುತ್ತು ಇಳಿಸಬೇಕು, ಓಟ ಏರಿಸಬೇಕು. 16,000 ಸುತ್ತು, 2,500 ಮಿ.ಮೀ. ಫೀಡ್ ಇಟ್ಟರೆ ಹಲ್ಲಿಗೆ 0.08ರ ಹತ್ತಿರ ಸಿಗುತ್ತದೆ. ಆಗ ಬೀಳುವುದು ಪುಡಿಯಲ್ಲ, ಸಣ್ಣ ಚಕ್ಕೆ. ಬಿಸಿ ಚಕ್ಕೆಯ ಜೊತೆ ಹೊರಗೆ ಹೋಗುತ್ತದೆ. ಬಿಟ್ ತಣ್ಣಗೆ ಇದೆಯೋ ಇಲ್ಲವೋ ನೋಡಬೇಕಾದರೆ ಕೆಳಗೆ ಬಿದ್ದದ್ದನ್ನು ಬೆರಳಲ್ಲಿ ತಿಕ್ಕಿ ನೋಡಿ. ಹಿಟ್ಟಿನ ಹಾಗಿದ್ದರೆ ಏನೋ ತಪ್ಪಿದೆ ಅಂತ ತಿಳಿಯಿರಿ.

ಮಾರನೆಯ ದಿನ ಫೀಡ್ ಸರಿಮಾಡಿ ಅದೇ ಹಲಗೆಯಲ್ಲಿ ಮುಂದುವರಿಸಿದೆ. ಸುಟ್ಟದ್ದನ್ನು ಉಪ್ಪುಕಾಗದದಲ್ಲಿ ತೆಗೆಯಬಹುದು ಎಂದುಕೊಂಡೆ. ಕೆತ್ತಿ ಮುಗಿಸಿ ಕ್ಲಾಂಪ್ ಬಿಚ್ಚಿದೆ. ಬೆಳಗಾಗುವಷ್ಟರಲ್ಲಿ ಹಲಗೆ ದೋಣಿಯ ಹಾಗೆ ಬಾಗಿತ್ತು. ಮಧ್ಯದಲ್ಲಿ ನನ್ನ ಬೆರಳು ತೂರುವಷ್ಟು ಸಂದು. ಅಪ್ಪ ಆಗ ಬಾಯಿಬಿಟ್ಟರು. "ಮರ ಹಸಿ ಅದ ಕನವ್ವ. ನಾನು ಹೇಳನ ಅಂತಿದ್ದಿ, ನೀನು ಕಂಪ್ಯೂಟ್ರು ನೋಡ್ತಿದ್ದೆ."

ತೇವಾಂಶ ಅಳೆಯುವ ಪುಟ್ಟ ಮೀಟರ್ ತರಿಸಿ ಚುಚ್ಚಿ ನೋಡಿದರೆ 22 ತೋರಿಸಿತು. ಬಾಗಿಲ ಒಳಗೆ ಕೂರುವ ಕೆತ್ತನೆಗೆ ಶೇ 12ರ ಆಸುಪಾಸು ಇರಬೇಕು. ಹಲಗೆ ಮೇಲೆ ಒಣಗಿದಂತೆ ಕಂಡರೂ ಹೊಟ್ಟೆಯಲ್ಲಿ ನೀರಿರುತ್ತದೆ. ಒಂದೇ ಮಗ್ಗುಲಿನಿಂದ 12 ಮಿ.ಮೀ. ಕೆತ್ತಿ ತೆಗೆದಾಗ ಆ ಹಸಿ ಹೊಟ್ಟೆ ಗಾಳಿಗೆ ಬಿತ್ತು, ಅಲ್ಲಿ ಬೇಗ ಒಣಗಿ ಕುಗ್ಗಿತು, ಹಲಗೆ ಆ ಕಡೆಗೆ ಸೊಟ್ಟಗಾಯಿತು. ಇದನ್ನು ಸರಿಮಾಡುವ ಸೆಟ್ಟಿಂಗ್ ಯಾವ ಯಂತ್ರದಲ್ಲೂ ಇಲ್ಲ.

ದೊಡ್ಡಪ್ಪನಿಗೆ ಹೇಳಲು ನಾನೇ ಹೋದೆ. ಅಪ್ಪ ಬರುತ್ತೇನೆಂದರು, ಬೇಡವೆಂದೆ. ದೊಡ್ಡಪ್ಪ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. ಹಲಗೆಯ ದುಡ್ಡು ಕಟ್ಟಿಕೊಡುತ್ತೇನೆ ಎಂದೆ. "ದುಡ್ಡು ಕೊಟ್ರ ನಮ್ಮಪ್ಪ ಇನ್ನೊಂದು ಗಿಡ ನೆಟ್ಟಾನಾ?" ಅಂದರು. ಸಿಟ್ಟಿನಲ್ಲಿ ಅಂದಿದ್ದಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಸ್ವಲ್ಪ ಹೊತ್ತು ಸೊಪ್ಪು ಕತ್ತರಿಸಿದರು. ಆಮೇಲೆ ಒಳಗೆ ಹೋಗಿ ಹಸೆಮಣೆಗೆಂದು ಅಟ್ಟದಲ್ಲಿ ಇಟ್ಟಿದ್ದ ಎರಡನೇ ಹಲಗೆ ಇಳಿಸಿ ತಂದರು.

ಆ ಹಲಗೆಯನ್ನು ಮೂರು ತಿಂಗಳು ನಾನು ಯಂತ್ರದ ಹತ್ತಿರವೂ ತರಲಿಲ್ಲ. ಎರಡೂ ಮಗ್ಗುಲು ಸಮವಾಗಿ ತೋಪಡ ಹೊಡೆದು ಎರಡಂಗುಲದಿಂದ ಒಂದೂವರೆ ಅಂಗುಲಕ್ಕೆ ಇಳಿಸಿ, ಕೊನೆಗಳಿಗೆ ಫೆವಿಕಾಲ್ ಬಳಿದು, ನೆರಳಲ್ಲಿ ಕೆಳಗೆ ಪಟ್ಟಿ ಕೊಟ್ಟು ಮಲಗಿಸಿದೆ. ಕೊನೆಗಳಿಗೆ ಬಳಿಯುವುದು ಯಾಕೆಂದರೆ ಮರ ಬಾಯಿಯಿಂದ ಬೇಗ ಒಣಗುತ್ತದೆ, ಬೇಗ ಒಣಗಿದ ಕಡೆ ಸೀಳುತ್ತದೆ. ಮೀಟರನ್ನು ಪೂರ್ತಿ ನಂಬದೆ ಇನ್ನೊಂದು ಉಪಾಯ ಮಾಡಿದೆ. ಹಲಗೆಯಿಂದ ಕತ್ತರಿಸಿದ ಒಂದು ತುಂಡನ್ನು ಅದರ ಪಕ್ಕದಲ್ಲೇ ಇಟ್ಟು, ಪ್ರತಿ ಸೋಮವಾರ ನಮ್ಮ ಬೀದಿಯ ಅಂಗಡಿಯ ತಕ್ಕಡಿಯಲ್ಲಿ ತೂಗಿಸುತ್ತಿದ್ದೆ. ತೂಕ ಇಳಿಯುತ್ತಿದ್ದರೆ ನೀರು ಇನ್ನೂ ಹೋಗುತ್ತಿದೆ ಎಂದರ್ಥ. ಅಂಗಡಿಯವರು ಮೊದಲು ನಕ್ಕರು. ಏಪ್ರಿಲ್ ಹೊತ್ತಿಗೆ ನಾನು ಹೋಗುವ ಮೊದಲೇ "ಏನವ್ವ, ಇವತ್ತು ಎಷ್ಟು ಇಳ್ದೀತು ನಿನ್ ಮರ?" ಎಂದು ಕೇಳುತ್ತಿದ್ದರು. ನಮ್ಮ ಹನೂರು ಸೀಮೆಯ ಬೇಸಿಗೆ ಬೇರೆ ಯಾವುದಕ್ಕೆ ಒಳ್ಳೆಯದಲ್ಲದಿದ್ದರೂ ಮರ ಒಣಗಿಸಲು ಒಳ್ಳೆಯದು. ಮೇ ಕೊನೆಗೆ ಮೂರು ವಾರ ತೂಕ ಕದಲಲಿಲ್ಲ. ಮೀಟರ್ 12 ತೋರಿಸಿತು.

ಅಷ್ಟರಲ್ಲಿ ಗೃಹಪ್ರವೇಶ ಆಗಿಹೋಗಿತ್ತು. ದೇವರ ಕೋಣೆಗೆ ಬರಿಯ ಚೌಕಟ್ಟು, ಪರದೆ. ಊಟಕ್ಕೆ ಕರೆದಿದ್ದರು, ಹೋಗಿದ್ದೆ. ಆ ಪರದೆಯ ಕಡೆ ನೋಡದೆ ಊಟ ಮಾಡಿ ಬಂದೆ.

ಈ ಮೂರು ತಿಂಗಳು ಸುಮ್ಮನೆ ಕೂರಲಿಲ್ಲ. ಮರಗಳನ್ನು ಒಂದೊಂದಾಗಿ ಹಿಡಿದು ಕೆತ್ತಿ ನೋಡಿದೆ. ಗಿರಾಕಿಗಳು ಕೇಳುವುದು ಎರಡೇ ಹೆಸರು: ತೇಗ, ಬೀಟೆ. ತೇಗ ಕೆತ್ತನೆಗೆ ಒಳ್ಳೆಯದೇ. ಎಳೆ ನೇರ, ಒಣಗಿದ ಮೇಲೆ ಹೆಚ್ಚು ಆಡುವುದಿಲ್ಲ. ಆದರೆ ಅದರೊಳಗೆ ಸಿಲಿಕಾ, ಅಂದರೆ ಮರಳಿನ ಅಂಶ ಇರುತ್ತದೆ, ಬಿಟ್‌ನ ಮೊನೆಯನ್ನು ತಿನ್ನುತ್ತದೆ. ಕಾರ್ಬೈಡ್ ಬಿಟ್ ಅಲ್ಲದೆ ಬೇರೆಯದನ್ನು ಹಾಕಬೇಡಿ. ಬೀಟೆ ಘನ ಮೀಟರಿಗೆ ಸುಮಾರು 850 ಕೆ.ಜಿ. ತೂಗುವ ಗಟ್ಟಿ ಮರ. ತೇಗ 650ರ ಹತ್ತಿರ. ಮೈಸೂರಿನ ಬೀಟೆ ಮರದ ಕುಸುರಿ ಕೆಲಸಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ಆದರೆ ಅದು ಬೇರೆ ವಿದ್ಯೆ. ಮರದಲ್ಲಿ ಗುಳಿ ತೋಡಿ ಬೇರೆ ತುಂಡು ಕೂರಿಸುವುದು. ಉಬ್ಬು ಕೆತ್ತನೆಗೆ ಬೀಟೆಯಲ್ಲಿ ಒಂದು ತಾಪತ್ರಯ, ಬಣ್ಣವೇ ಕಪ್ಪು, ಗೆರೆಯೂ ಕಪ್ಪು. ಸಣ್ಣ ನೆರಳು ಅದರಲ್ಲಿ ಮುಳುಗಿಹೋಗುತ್ತದೆ. ದುಬಾರಿ ಮರ ಕೊಟ್ಟು ಕಾಣದ ಕೆತ್ತನೆ ಮಾಡಿಸಿದಂತೆ.

ನನಗೆ ಇಷ್ಟವಾದದ್ದು ಶಿವನೆ. ತಿಳಿ ಬಣ್ಣ, ಹಗುರ, ಉಳಿಗೂ ಬಿಟ್‌ಗೂ ಬೆಣ್ಣೆಯ ಹಾಗೆ ಒಗ್ಗುತ್ತದೆ. ಚನ್ನಪಟ್ಟಣದ ಬೊಂಬೆಗೆ ಹಾಲೆ ಮರವನ್ನೇ ಯಾಕೆ ಆರಿಸಿಕೊಂಡರು ಎಂದು ಯೋಚಿಸಿದರೆ ಇಂಥದ್ದೇ ಕಾರಣ, ಎಳೆ ಸಣ್ಣ, ಬಣ್ಣ ಬಿಳಿ. ನಮ್ಮೂರ ಹೊಲದಲ್ಲಿ ಬೇಕಾದಷ್ಟು ಸಿಗುವ ಬೇವು ಮಾತ್ರ ಹಟಮಾರಿ. ಅದರ ಎಳೆ ಒಂದು ಪದರದಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ ತಿರುಗಿರುತ್ತದೆ. ಎಳೆಯ ಉದ್ದಕ್ಕೆ ಬಿಟ್ ಓಡಿಸಿದರೆ ಒಂದು ಪಟ್ಟಿ ನುಣ್ಣಗೆ, ಪಕ್ಕದ ಪಟ್ಟಿ ಕಿತ್ತುಬಂದಂತೆ. 45 ಡಿಗ್ರಿ ಓರೆಯಾಗಿ ಓಡಿಸಿದಾಗ ಸ್ವಲ್ಪ ಮಾತು ಕೇಳಿತು. ಈಚೆಗೆ ರೈತರು ಬೆಳೆಯುವ ಹೆಬ್ಬೇವು ಅಗ್ಗ, ಆದರೆ ಕೆತ್ತಿದರೆ ಮೈಮೇಲೆಲ್ಲ ಬೆಕ್ಕಿನ ಕೂದಲಿನಂತೆ ನಾರು ಏಳುತ್ತದೆ. ಎಂಡಿಎಫ್ ಹಲಗೆಗೆ ಎಳೆಯೇ ಇಲ್ಲ, ಆದ್ದರಿಂದ ತಕರಾರೂ ಇಲ್ಲ, ಬಣ್ಣ ಬಳಿಯುವ ಕೆಲಸಕ್ಕೆ ಸಾಕು. ಅದರ ಧೂಳು ಮಾತ್ರ ಅಂಟಿನ ಧೂಳು, ಮಾಸ್ಕ್ ಇಲ್ಲದೆ ಹತ್ತಿರ ಹೋಗಬೇಡಿ. ಬೀಟೆಯ ಧೂಳಿಗೂ ಕೆಲವರಿಗೆ ಮೈ ಕೆರೆತ ಬರುತ್ತದೆ.

ಹೀಗೆಲ್ಲ ಬರೆದರೂ ತೇಗಕ್ಕೆ ಇಷ್ಟು, ಬೇವಿಗೆ ಇಷ್ಟು ಎಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರೆ ಆಗುವುದಿಲ್ಲ. ಮೈಸೂರಿನಲ್ಲಿ ನಾನು ಕೊರೆಯುತ್ತಿದ್ದ ಉಕ್ಕಿಗೆ ಒಂದು ನಂಬರ್ ಇರುತ್ತಿತ್ತು. ಇವತ್ತಿನ ಆ ನಂಬರಿನ ಉಕ್ಕೂ ಮುಂದಿನ ವರ್ಷದ್ದೂ ಒಂದೇ. ತೇಗ ಹಾಗಲ್ಲ. ನೀರು ಕಟ್ಟಿದ ತೋಟದ ತೇಗ ಬೇರೆ, ಬದುವಿನಲ್ಲಿ ಬಾಯಾರಿ ಬೆಳೆದ ತೇಗ ಬೇರೆ. ಒಂದೇ ಹಲಗೆಯ ಬುಡಕ್ಕೂ ತುದಿಗೂ ಒಂದೇ ಸೆಟ್ಟಿಂಗ್ ಕೂರುವುದಿಲ್ಲ.

ಆಗ ಹೊಳೆದದ್ದು ಸೊಟ್ಟ ಹಲಗೆ. ಎರಡನೇ ಹಲಗೆಗೆ ಅದಕ್ಕಿಂತ ಹತ್ತಿರದ ನೆಂಟ ಯಾರು? ಅದೇ ಮರ, ಪಕ್ಕದ ಕೊಯ್ತ. ಅದನ್ನೂ ಜೊತೆಯಲ್ಲೇ ಒಣಗಿಸಿದೆ. ಹಿಂಬದಿಯನ್ನು ಸಮ ಮಾಡಿ ಸೀಸದ ಕಡ್ಡಿಯಲ್ಲಿ ಚೌಕ ಎಳೆದು, ಒಂದೊಂದು ಚೌಕದಲ್ಲಿ ಹುಲಿಯ ಒಂದು ಕಣ್ಣು ಮತ್ತು ಮೂಗನ್ನು ಮಾತ್ರ ಕೆತ್ತಿಸಿದೆ. ಪಕ್ಕದಲ್ಲಿ ಸುತ್ತು, ಫೀಡ್, ಸ್ಟೆಪ್‌ಓವರ್ ಬರೆದೆ. ಇಪ್ಪತ್ತಮೂರು ಕಣ್ಣುಗಳಾದವು. ನಮ್ಮಮ್ಮ ಸಂಜೆ ಹೊತ್ತು ಆ ಶೆಡ್ಡಿಗೆ ಬರುವುದನ್ನೇ ಬಿಟ್ಟರು.

ಸ್ಟೆಪ್‌ಓವರ್ ಎಂದರೆ ಬಿಟ್ ಒಂದು ಗೆರೆ ಎಳೆದು ಪಕ್ಕಕ್ಕೆ ಎಷ್ಟು ಸರಿದು ಮುಂದಿನ ಗೆರೆ ಎಳೆಯಬೇಕು ಎಂಬ ಅಳತೆ. ನೇಗಿಲ ಸಾಲಿನ ಹಾಗೆ. ಸಾಲು ಹತ್ತಿರವಿದ್ದಷ್ಟೂ ನಡುವಿನ ದಿಂಡು ಸಣ್ಣದು, ಮೈ ನುಣುಪು. ಕೆತ್ತನೆಯ ಬೆಲೆ ನಿಂತಿರುವುದೇ ಇದರ ಮೇಲೆ. ನಮ್ಮ ಕೆತ್ತನೆ 600 ಮಿ.ಮೀ. ಉದ್ದ, 300 ಅಗಲ. ತುದಿ 1 ಮಿ.ಮೀ. ಇರುವ ಸಣ್ಣ ದುಂಡು ಬಿಟ್ ಹಾಕಿ 0.1 ಮಿ.ಮೀ. ಸ್ಟೆಪ್‌ಓವರ್ ಕೊಟ್ಟರೆ 3,000 ಗೆರೆ. ಒಟ್ಟು 1,800 ಮೀಟರ್. ನಿಮಿಷಕ್ಕೆ ಎರಡೂವರೆ ಮೀಟರ್ ಓಡಿದರೆ 12 ಗಂಟೆ. ಉಬ್ಬು ತಗ್ಗಿನಲ್ಲಿ ಯಂತ್ರ ಅಷ್ಟು ಓಡುವುದೂ ಇಲ್ಲ, ಏರಿ ಇಳಿಯುವಾಗ ತಾನೇ ನಿಧಾನವಾಗುತ್ತದೆ. ಮೊದಲ ಹಲಗೆಯಲ್ಲಿ ನಾನು ಹಿನ್ನೆಲೆಯ ಬರಿ ಜಾಗಕ್ಕೂ ಇದನ್ನೇ ಕೊಟ್ಟಿದ್ದೆ. ಆಕಾಶವನ್ನು ಸೂಜಿಯಿಂದ ಗುಡಿಸಿದಂತೆ.

ಚೌಕಗಳಲ್ಲಿ ಆಟವಾಡುವಾಗ ಒಂದು ಸಂಗತಿ ಗೊತ್ತಾಯಿತು. ದೊಡ್ಡ ದುಂಡು ಬಿಟ್‌ನ ಸಾಲು ಅಗಲ, ದಿಂಡು ಗಿಡ್ಡ. 1 ಮಿ.ಮೀ. ತುದಿಯ ಬಿಟ್ 0.2 ಸರಿದರೆ ಉಳಿಯುವ ದಿಂಡು ಮಿಲಿಮೀಟರಿನ ನೂರರಲ್ಲಿ ಒಂದು ಭಾಗ. 3 ಮಿ.ಮೀ. ತುದಿಯದು 0.3 ಸರಿದರೂ ಅದಕ್ಕಿಂತ ಕಡಿಮೆ. ಅಂದರೆ ದೊಡ್ಡ ಬಿಟ್ಟೇ ಬೇಗನೂ ಹೌದು, ನುಣುಪೂ ಹೌದು. ಅದು ಹೋಗಲಾರದ ಸಂದಿ ಇರುವ ಕಡೆ ಮಾತ್ರ ಸಣ್ಣದು ಬೇಕು. ಹಾಗಾಗಿ ಎರಡನೇ ಹಲಗೆಗೆ ಮೂರು ಹಂತ ಮಾಡಿದೆ. 6 ಮಿ.ಮೀ. ಚಪ್ಪಟೆ ಬಿಟ್‌ನಲ್ಲಿ ಒಂದು ಸಲಕ್ಕೆ 3 ಮಿ.ಮೀ. ಆಳದಂತೆ ಒರಟು ತೆಗೆತ, ಅರ್ಧ ಮಿ.ಮೀ. ಬಿಟ್ಟು. ಆಮೇಲೆ 3 ಮಿ.ಮೀ. ದುಂಡು ಬಿಟ್‌ನಲ್ಲಿ ಇಡೀ ಮೈ, ಎಳೆಯ ಉದ್ದಕ್ಕೆ. ಕೊನೆಗೆ ಮಾದಪ್ಪನ ಮುಖ, ಕೈ, ಹುಲಿಯ ಮುಖ ಇರುವ ಅಂಗೈಯಗಲ ಜಾಗಕ್ಕಷ್ಟೇ 1 ಮಿ.ಮೀ. ಬಿಟ್, 0.1 ಸ್ಟೆಪ್‌ಓವರ್.

ಚಿತ್ರದ ಕಥೆ ಬೇರೆಯೇ ಇದೆ. ಗಿರಾಕಿಗಳು ಈಗ ಫೋನಿನಲ್ಲಿ ತೋರಿಸುವುದು ಬೆಟ್ಟದ ಮೇಲಿನ 108 ಅಡಿ ಪ್ರತಿಮೆಯನ್ನು. 2023ರಲ್ಲಿ ಅದು ಉದ್ಘಾಟನೆಯಾದ ಮೇಲೆ ಎಲ್ಲರಿಗೂ "ಇದೇ ಥರ" ಬೇಕು. ಸುತ್ತ ತಿರುಗಿ ನೋಡುವ 108 ಅಡಿಯನ್ನು 12 ಮಿ.ಮೀ. ಆಳದಲ್ಲಿ ಕೂರಿಸುವುದು ಹೇಗೆ? ಫೋಟೊವನ್ನು ನೇರ ಸಾಫ್ಟ್‌ವೇರಿಗೆ ಹಾಕಿದರೆ ಅದು ಬಿಳಿಯನ್ನು ಎತ್ತರ, ಕಪ್ಪನ್ನು ತಗ್ಗು ಎಂದುಕೊಳ್ಳುತ್ತದೆ. ನನ್ನ ಮೊದಲ ಹುಲಿಯ ಕಪ್ಪು ಪಟ್ಟೆಗಳೆಲ್ಲ ಕಾಲುವೆಗಳಾಗಿದ್ದವು, ಕಣ್ಣಿನ ಬಿಳಿ ಗುಡ್ಡೆ ಕಡಲೆಕಾಳಿನಂತೆ ಎದ್ದಿತ್ತು. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಹುಲಿಗಳು ಇನ್ನೊಂದು ತಮಾಷೆ, ಮುಖ ನೋಡಿದರೆ ಚೀನಾದವು, ಕ್ಯಾಲೆಂಡರಿನ ಡ್ರ್ಯಾಗನ್‌ಗೆ ಅಣ್ಣತಮ್ಮಂದಿರು. ಮಾದಪ್ಪನ ಹುಲಿ ಘರ್ಜಿಸುವ ಹುಲಿಯಲ್ಲ, ದನದಂತೆ ಮಾತು ಕೇಳುವ ಹುಲಿ. ಅದನ್ನು ನಾನೇ ಕೂತು ತಿದ್ದಬೇಕಾಯಿತು. ಬೂದು ಚಿತ್ರದಿಂದ ಆಳ ಮಾಡುವವರಿಗೆ ಇನ್ನೊಂದು ಮಾತು: ಸಾಮಾನ್ಯ 8 ಬಿಟ್ ಚಿತ್ರದಲ್ಲಿ ಇರುವುದು 256 ಮೆಟ್ಟಿಲು. 12 ಮಿ.ಮೀ.ಗೆ ಹಂಚಿದರೆ ಒಂದೊಂದು ಮೆಟ್ಟಿಲು 0.05ರ ಹತ್ತಿರ, ಕೆನ್ನೆಯಂಥ ನುಣುಪು ಜಾಗದಲ್ಲಿ ಅದು ಕಣ್ಣಿಗೆ ಬೀಳುತ್ತದೆ. 16 ಬಿಟ್‌ನಲ್ಲಿ ಉಳಿಸಿ.

ಆಳದ ವಿಷಯಕ್ಕೆ ಅಪ್ಪನಿಗೂ ನನಗೂ ಜಗಳವಾಯಿತು. ಅವರಿಗೆ ಒಂದಂಗುಲ ಆಳ ಬೇಕು, ಕೈಕೆತ್ತನೆಯಲ್ಲಿ ಅವರು ಹಾಗೇ ಮಾಡುತ್ತಿದ್ದದ್ದು. ಒಂದೂವರೆ ಅಂಗುಲದ ಹಲಗೆಯಲ್ಲಿ ಒಂದಂಗುಲ ಹೋದರೆ ಉಳಿಯುವುದೇನು, ಮತ್ತೆ ಸೊಟ್ಟ ಹಲಗೆಯೇ. ತಮ್ಮನ ಬೈಕಿನಲ್ಲಿ ಯಳಂದೂರಿಗೆ ಹೋಗಿ ಗೌರೀಶ್ವರ ದೇವಸ್ಥಾನದ ಬಳೆಮಂಟಪ ನೋಡಿಬಂದೆ. ಕಲ್ಲಿನಲ್ಲೇ ಕಡೆದ ಬಳೆಗಳ ಸರಪಳಿಯನ್ನು ನೋಡಿ ಸುಮ್ಮನಾದೆ. ಮೇಲಿಂದ ಮಾತ್ರ ಇಳಿಯುವ ನನ್ನ ಮೂರು ಅಕ್ಷದ ಯಂತ್ರ ಬಳೆಯ ಒಳಮಗ್ಗುಲಿಗೆ ಹೋಗಲಾರದು, ಎಷ್ಟು ಲಕ್ಷ ಸುರಿದರೂ. ಆದರೆ ಅಲ್ಲಿನ ಭಿತ್ತಿಯ ಸಣ್ಣ ಉಬ್ಬು ಶಿಲ್ಪಗಳನ್ನು ಗಮನಿಸಿದೆ. ನಡುಮಧ್ಯಾಹ್ನ ಚಪ್ಪಟೆ ಕಂಡವು. ನಾಲ್ಕೂವರೆಗೆ ಬಿಸಿಲು ಓರೆಯಾದ ಮೇಲೆ ಅವೇ ಎದ್ದು ಕೂತವು. ಆಳಕ್ಕಿಂತ ಬೆಳಕು ಬರುವ ದಿಕ್ಕು ದೊಡ್ಡದು.

ಮನೆಗೆ ಬಂದು ಸೊಟ್ಟ ಹಲಗೆಯ ಎರಡು ತುಂಡಿನಲ್ಲಿ ಹುಲಿಯ ಮುಖ ಕೆತ್ತಿದೆ, ಒಂದು 6 ಮಿ.ಮೀ., ಒಂದು 12. ಟ್ಯೂಬ್‌ಲೈಟ್ ಆರಿಸಿ ಕೆಳಗೆ ಎಣ್ಣೆ ದೀಪ ಹಚ್ಚಿಟ್ಟು ಅಪ್ಪನನ್ನು ಕರೆದೆ. ದೇವರ ಕೋಣೆಯಲ್ಲಿ ಇರುವುದು ಅದೇ ಬೆಳಕು ತಾನೇ. 6ರದ್ದು ಸಪ್ಪೆ. 12ರದ್ದರ ಹುಬ್ಬಿನ ನೆರಳು ದೀಪದ ಜೊತೆ ಅಲುಗಾಡಿತು. ಅಪ್ಪ ಕೂತು, ಎದ್ದು, ಮತ್ತೆ ಕೂತು ನೋಡಿದರು. "ಸಾಕು ಬುಡು" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಜೂನ್ ಮೊದಲ ವಾರ ಒರಟು ತೆಗೆತ ಮುಗಿಸಿ ಹಲಗೆಯನ್ನು ಕ್ಲಾಂಪಿನಿಂದ ಬಿಚ್ಚಿ ಎಂಟು ದಿನ ಹಾಗೇ ಬಿಟ್ಟೆ. ಒಳಗಿನ ಬಿಗಿ ಸಡಿಲವಾಗಿ ಏನಾದರೂ ತಿರುಚುವುದಿದ್ದರೆ ಈಗಲೇ ತಿರುಚಲಿ, ಅರ್ಧ ಮಿ.ಮೀ. ಬಿಟ್ಟಿದ್ದು ಅದಕ್ಕೇ. ಸ್ಕೇಲ್ ಇಟ್ಟು ನೋಡಿದರೆ ಕೂದಲೆಳೆಯಷ್ಟು ಆಡಿತ್ತು. ಹಿಂಬದಿ ಒಂದು ಸಲ ತೋಪಡ ಹೊಡೆದು ಮತ್ತೆ ಕೂರಿಸಿದೆ. ಆಷಾಢ ಹುಟ್ಟುವುದರೊಳಗೆ ಬಾಗಿಲು ಕೂರಬೇಕು ಎಂದು ದೊಡ್ಡಪ್ಪನ ಮನೆಯಿಂದ ಹೇಳಿಕಳಿಸಿದ್ದರು.

ಕೊನೆಯ ಹಂತವನ್ನು ರಾತ್ರಿ ಹಚ್ಚಿದೆ. ಎರಡು ಗಂಟೆಯ ಹೊತ್ತಿಗೆ ಕರೆಂಟ್ ಹೋಯಿತು. ನಿಂತ ಜಾಗವನ್ನು ಕಂಟ್ರೋಲರ್ ನೆನಪಿಟ್ಟುಕೊಳ್ಳುತ್ತದೆ ನಿಜ, ಆದರೆ ಕರೆಂಟ್ ಇಲ್ಲದಾಗ ಮೋಟಾರಿನ ಹಿಡಿತ ಇರುವುದಿಲ್ಲ. ಸ್ವಲ್ಪ ತಗುಲಿದರೂ ಜರುಗುತ್ತದೆ. ಬಂದ ಕರೆಂಟಿಗೆ ಹಾಗೇ ಗುಂಡಿ ಒತ್ತಿದರೆ ಮುಖದ ಮೇಲೆ ಒಂದು ಗೀರು ಬೀಳುವುದು ಖಂಡಿತ. ಯಂತ್ರವನ್ನು ಮೊದಲು ಅದರ ಮೂಲೆಗೆ ಕಳಿಸಿ, ಅಲ್ಲಿಂದ ಅಳತೆ ಹಿಡಿಸಿ, ಆಮೇಲೆ ಬಿಟ್ಟ ಗೆರೆಗೆ ತರಬೇಕು. ಶೆಡ್ಡಿನ ಹೊರಗೆ ಕೂತು ಕಾದೆ. ಶಾಗ್ಯದ ಕಡೆಯ ಹೊಲಗಳಲ್ಲಿ ಯಾರೋ ಆನೆಗೆ ಪಟಾಕಿ ಹೊಡೆಯುತ್ತಿದ್ದರು. ಮೂರೂಮುಕ್ಕಾಲಿಗೆ ಕರೆಂಟ್ ಬಂತು. ಸುಟ್ಟ ವಾಸನೆ ಬರಲಿಲ್ಲ. ತೇಗದ ಚಕ್ಕೆಯ, ಹೊಸ ಚಪ್ಪಲಿಯಂಥ ವಾಸನೆ ಮಾತ್ರ.

ಬೆಳಿಗ್ಗೆ ಅಪ್ಪ ಬಂದು ಬೆರಳಲ್ಲಿ ಸವರಿದರು. ಹುಲಿಯ ಕಣ್ಣಿನ ಮೂಲೆಯಲ್ಲಿ ಬಿಟ್‌ನ ದುಂಡು ತುದಿ ಹೋಗಲಾರದ ಕಡೆ ಮೊಂಡಾಗಿತ್ತು. ಒಳಗೆ ಹೋಗಿ ಉಳಿ ತಂದರು. ಎರಡು ಕಣ್ಣಿಗೂ ಒಂದೊಂದು ಏಟು, ಮೀಸೆಯ ಬುಡಕ್ಕೆ ನಾಲ್ಕು. ಹತ್ತು ನಿಮಿಷದ ಕೆಲಸ. ಆಮೇಲೆ ಮಣಿಕಟ್ಟು ಒತ್ತಿಕೊಳ್ಳುತ್ತ ಕಾಫಿ ಕೇಳಿದರು.

ಬಾಗಿಲು ಕೂರಿಸಿದ ದಿನ ದೊಡ್ಡಪ್ಪ ದೀಪ ಹಚ್ಚಿ ಸ್ವಲ್ಪ ಹೊತ್ತು ನಿಂತರು. ಕೆತ್ತನೆಯ ಬಗ್ಗೆ ಏನೂ ಹೇಳಲಿಲ್ಲ. ಹಲಗೆಯ ಅಂಚಿನಲ್ಲಿ ಉಳಿದಿದ್ದ ಒಂದು ಸಣ್ಣ ಗಂಟನ್ನು ಮುಟ್ಟಿ, ಅಲ್ಲಿ ಹಿಂದೆ ಒಂದು ಕೊಂಬೆ ಇತ್ತು, ಚಿಕ್ಕವನಾಗಿದ್ದಾಗ ಅದಕ್ಕೆ ಎಮ್ಮೆ ಕಟ್ಟುತ್ತಿದ್ದೆ ಎಂದು ಹೆಂಡತಿಗೆ ಹೇಳುತ್ತಿದ್ದರು.

ಹಸೆಮಣೆಯ ಸಾಲ ಇನ್ನೂ ನನ್ನ ಮೇಲಿದೆ. ಅವರ ಮಗಳಿಗೆ ಗಂಡು ಗೊತ್ತಾಗಿದೆ, ಮದುವೆ ಮಾಘದಲ್ಲಿ. ಕೊಳ್ಳೇಗಾಲದಿಂದ ಒಂದು ಹೊನ್ನೆ ಹಲಗೆ ತಂದು ಪಟ್ಟಿಯ ಮೇಲೆ ಮಲಗಿಸಿದ್ದೇನೆ. ಅದರ ತುಂಡು ಹೋದ ಸೋಮವಾರ 412 ಗ್ರಾಂ ತೂಗಿತು. ಅದಕ್ಕೆ ಹಿಂದಿನ ವಾರ 415 ಇತ್ತು.